ಬಾರದು ಭಾವ ಡೇರೆಗೆ ಜಾಗ ಹುಡುಕಿದ್ದು

ಭೂಮಿ ಇಲಾಖೆಯ ಸೂಪರಿಂಟೆಂಡೆಂಟರ ಕೋಣೆಯೊಳಗೆ ಡೇರೆ ಬಿಚ್ಚಿಕೊಂಡಾಗ ಗಂಟೆ ಹನ್ನೊಂದೂಕಾಲು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗೋಡೆಯ ಗಡಿಯಾರ ಅದೇ ಹೊಡೆತಕ್ಕೆ ಕೆಳಗೆ ಬಿದ್ದು ಅಲ್ಲಿಗೇ ನಿಂತುಬಿಟ್ಟಿತು.

ಅದು ತಾನೇ ಅರಳಿಕೊಳ್ಳುವ ಜಾತಿಯ ಡೇರೆ. ಮಡಚಿದ್ದಾಗ ದೊಡ್ಡದೊಂದು ತಟ್ಟೆಯಷ್ಟಿರುತ್ತದೆ. ಒಳಗೆ ಉಕ್ಕಿನ ಬಳೆ ಸುತ್ತಿಕೊಂಡು ಹೊಂಚು ಹಾಕಿ ಕೂತಿರುತ್ತದೆ. ಪಟ್ಟಿ ಬಿಚ್ಚಿದರೆ ಸಾಕು, ಎರಡು ಸೆಕೆಂಡಿಗೆ ಮನೆ ಸಿದ್ಧ. ನನ್ನ ಭಾವ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದದ್ದು ಒಂದು ಮಾತನ್ನು ರುಜುವಾತು ಮಾಡಲಿಕ್ಕೆ. ಅವರ ಅರ್ಜಿಯ ಕಡತದಲ್ಲಿ ಯಾರೋ ಡೇರೆಯನ್ನು ‘ತಾತ್ಕಾಲಿಕ ಕಟ್ಟಡ’ ಎಂದು ಬರೆದಿದ್ದರು.

“ಇದು ಕಟ್ಟಡ ಅಲ್ಲ ಸರ್. ಅಡಿಪಾಯ ಇಲ್ಲ, ಗೋಡೆ ಇಲ್ಲ. ಬೇಕಾದ್ರೆ ತೋರಿಸ್ತೀನಿ,” ಅಂದರು ಭಾವ.

ಸೂಪರಿಂಟೆಂಡೆಂಟರು ತಲೆ ಎತ್ತದೆ “ತೋರಿಸಿ” ಅಂದರು. ಅದು ಅವರ ಬಾಯಿಂದ ಆ ವರ್ಷ ಬಂದ ಮೊದಲ ಅನುಮತಿ.

ಕೋಣೆ ಎಂಟಕ್ಕೆ ಹತ್ತಡಿ. ಅದರಲ್ಲಿ ಒಂದು ಮೇಜು, ಎರಡು ಬೀರು, ಒಂದು ಕಡತದ ಬೆಟ್ಟ. ಡೇರೆ ಇಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡದು. ಕಣ್ಣು ಮಿಟುಕಿಸುವಷ್ಟರಲ್ಲಿ ಸೂಪರಿಂಟೆಂಡೆಂಟರು, ಅವರ ಕುರ್ಚಿ ಮತ್ತು ಅರ್ಧ ಮೇಜು ಡೇರೆಯ ಒಳಗೆ. ಉಳಿದ ಇಲಾಖೆಯೆಲ್ಲ ಹೊರಗೆ. ಆಮೇಲೆ ನೀಲಿ ಬಟ್ಟೆಯ ಹಿಂದಿನಿಂದ ಸಮಾಧಾನದ ದನಿಯೊಂದು ಕೇಳಿತು: “ಬಾಗಿಲು ಯಾವ ಕಡೆ?”

ಇಂಥ ಡೇರೆಗಳು ಅರಳುವುದಕ್ಕೆ ಬುದ್ಧಿ ಬೇಡ, ಮಡಚುವುದಕ್ಕೆ ಬೇಕು. ಎಲ್ಲೋ ಒಂದು ಕಡೆ ತಿರುಚಿ, ಇನ್ನೊಂದು ಕಡೆ ಒಳಗೆ ನೂಕಿ, ಮೂರು ಸುತ್ತು ಮಾಡಬೇಕಂತೆ. ಭಾವ ಆ ಪಾಠ ಓದಿರಲಿಲ್ಲ. ಜವಾನ ಪ್ರಯತ್ನಿಸಿದ. ಇಬ್ಬರು ಗುಮಾಸ್ತರು ಪ್ರಯತ್ನಿಸಿದರು. ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ವಕೀಲರೊಬ್ಬರು ಕೋಟು ಕಳಚಿ, ಡೇರೆಗೆ ತೆಕ್ಕೆ ಹಾಕಿ, ಸೋತು, ಮತ್ತೆ ಕೋಟು ಹಾಕಿಕೊಂಡರು. ಒಂದು ಗಂಟೆ ಹತ್ತು ನಿಮಿಷ ಹೀಗೇ ಕಳೆಯಿತು. ಕೆಲಸ ನಿಲ್ಲಬಾರದೆಂದು ಸೂಪರಿಂಟೆಂಡೆಂಟರು ಒಳಗೇ ಮೂರು ಕಡತಗಳಿಗೆ ಸಹಿ ಮಾಡಿದರು. ಕೊನೆಗೆ ಅವರನ್ನು ಈಚೆ ಎಳೆದುಕೊಂಡು, ಕಿಟಕಿಯ ಚೌಕಟ್ಟನ್ನೇ ಕಳಚಿ, ಡೇರೆಯನ್ನು ಇದ್ದ ಹಾಗೇ ಹೊರಗೆ ತಳ್ಳಿದ್ದಾಯಿತು. ಅವತ್ತು ಊರಿನ ಮುಖ್ಯರಸ್ತೆಯಲ್ಲಿ ಒಂದು ನೀಲಿ ಡೇರೆ ನಾಲ್ಕು ಕಾಲಿನ ಮೇಲೆ ನಡೆದುಹೋಯಿತು. ಆ ಕಾಲುಗಳಲ್ಲಿ ಎರಡು ನನ್ನವು.

ಉಳಿದೆರಡು ಕಾಲಿನ ಒಡೆಯರು ನನ್ನ ಅಕ್ಕನ ಗಂಡ. ಕಸುಬು ಬೋರ್ಡ್ ಬರೆಯುವುದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೆಳಗೆ ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಒಂದು ಅಂಗಡಿ; ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಮನೆ. ಒಳಗೆ ಹೋದರೆ ಟರ್ಪೆಂಟೈನಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಮೇಲಿನಿಂದ ಹಲ್ಲು ಕೊರೆಯುವ ಸದ್ದು ಕಿವಿಗೆ ಹೊಡೆಯುತ್ತದೆ. ಗೋಡೆಗೆ ಒರಗಿಸಿಟ್ಟ ತಗಡಿನ ಹಾಳೆಗಳು, ಹೆಪ್ಪುಗಟ್ಟಿದ ಬಣ್ಣದ ಡಬ್ಬಗಳು, ಡಾಲ್ಡಾ ಡಬ್ಬದಲ್ಲಿ ತಲೆಕೆಳಗಾಗಿ ಸ್ನಾನ ಮಾಡುತ್ತಿರುವ ಕುಂಚಗಳು. ಕಚೇರಿಗಳ ಬೋರ್ಡುಗಳ ಟೆಂಡರು ಇಪ್ಪತ್ತು ವರ್ಷದಿಂದ ಅವರಿಗೇ. ಟೆಂಡರಿನವರು ಟೆಂಟಿಗೆ ಬಿದ್ದದ್ದು ಆಮೇಲಿನ ಮಾತು.

ಕಚೇರಿಯ ಬೋರ್ಡು ಅಂದರೆ ನಿಮಗೆ ಗೊತ್ತೇ ಇದೆ. ವಾಹನ ನಿಲ್ಲಿಸಬಾರದು. ಉಗುಳಬಾರದು. ಹೂ ಕೀಳಬಾರದು. ಒರಗಬಾರದು. ಭಾವ ಕಟ್ಟುನಿಟ್ಟಿನ ಕೆಲಸಗಾರರು. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದು, ಹಳದಿ ಬಣ್ಣ ಎರಡು ಕೈ ಬಳಿದು, ಒಣಗಿಸಿ, ಮೊಟ್ಟಮೊದಲು ಬಲತುದಿಯಲ್ಲಿ ಕೆಂಪಿನಲ್ಲಿ ‘ಬಾರದು’ ಬರೆಯುತ್ತಾರೆ. ಯಾಕೆ ಭಾವ ಕೊನೆಯದು ಮೊದಲು ಅಂದರೆ, “ಅದು ಹೇಗೂ ಇದ್ದೇ ಇರತ್ತಲ್ಲಪ್ಪ. ಏನು ಬಾರದು ಅನ್ನೋದನ್ನ ಆಮೇಲೆ ಜಾಗ ನೋಡಿಕೊಂಡು ತುಂಬಬಹುದು” ಅನ್ನುತ್ತಾರೆ. ಅವಸರದ ಆರ್ಡರಿಗೆಂದು ‘ಬಾರದು’ ಬರೆದಿಟ್ಟ ಹತ್ತು ಹನ್ನೆರಡು ತಗಡುಗಳು ಅಂಗಡಿಯಲ್ಲಿ ಯಾವಾಗಲೂ ತಯಾರು. ಊರಿನ ಜನ ಅವರಿಗೆ ಇಟ್ಟ ಹೆಸರು ‘ಬಾರದು ಭಾವ’. ಭಾವ ಆಗುವುದು ನನಗೊಬ್ಬನಿಗೇ ಆದರೂ ಪ್ರಾಸದ ಆಸೆಗೆ ಊರೆಲ್ಲ ನಂಟಸ್ತಿಕೆ ಬೆಳೆಸಿತು.

ಬರೆಯುವವರು ಬಹಳ ಜನ ಇದ್ದಾರೆ, ತಾವು ಬರೆದದ್ದನ್ನು ನಂಬುವವರು ಕಡಿಮೆ. ಭಾವ ನಂಬುತ್ತಾರೆ. ‘ಕೈ ಹೊರಗೆ ಚಾಚಬಾರದು’ ಎಂಬ ಬಸ್ಸಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಅಕ್ಕನಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಆಸ್ಪತ್ರೆಯ ಗೋಡೆಯ ಮೇಲೆ ಇವರೇ ಬರೆದ ‘ಗಟ್ಟಿಯಾಗಿ ಮಾತನಾಡಬಾರದು’ ಇತ್ತು. ಡಾಕ್ಟರು ಎಲ್ಲಾ ಸರಿಹೋಯಿತು ಅಂದದ್ದನ್ನು ಇವರು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದರು. ಗಂಡ ಇಷ್ಟು ಮೆತ್ತಗೆ ಹೇಳುತ್ತಿದ್ದಾನೆಂದರೆ ತನ್ನ ಕಥೆ ಮುಗಿಯಿತು ಅಂದುಕೊಂಡು ಅವಳು ಹೊಲಿಗೆ ಬಿಚ್ಚುವ ಹಾಗೆ ಅತ್ತಳು.

ಅಕ್ಕ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ಇಪ್ಪತ್ತೈದು ವರ್ಷ ಸೇವೆ ಆದವರಿಗೆಲ್ಲ ಅಲ್ಲಿ ಒಂದು ಗೋಡೆ ಗಡಿಯಾರ ಕೊಡುತ್ತಾರೆ. ಅಷ್ಟು ವರ್ಷ ಹೋಗಿದ್ದು ಗೊತ್ತಾಗಲಿ ಅಂತಲೋ ಏನೋ. ಅಕ್ಕ ಗಡಿಯಾರ ಬೇಡ, ಡೇರೆ ಕೊಡಿ ಅಂದಳು. ಜೊತೆಯವರು ನಕ್ಕರು. ಕೊಟ್ಟರು.

“ನಿನಗ್ಯಾಕೆ ಅಕ್ಕ ಈ ಹುಚ್ಚು?” ಅಂತ ನಾನೂ ಕೇಳಿದ್ದೆ.

“ದಿನಕ್ಕೆ ಒಂಬೈನೂರು ಚಾದರ ನೋಡ್ತೀನಿ ಕಣೋ. ಈಗ ಯಾವ ಹಾಸಿಗೆ ನೋಡಿದ್ರೂ ನನಗೆ ಕಲೆ ಕಾಣತ್ತೆ, ನಮ್ಮ ಮನೇದೂ ಸೇರಿ. ಒಂದೇ ಒಂದು ರಾತ್ರಿ ಹುಲ್ಲಿನ ಮೇಲೆ ಮಲಗಬೇಕು. ಹುಲ್ಲನ್ನ ಯಾರೂ ಒಗೆಯಲ್ಲ.”

ಡೇರೆ ಎತ್ತಿಕೊಂಡು ಶನಿವಾರ ಕೆರೆ ದಂಡೆಗೆ ಹೋಗಿ ಮಲಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಆ ದಂಡೆಯಲ್ಲಿ ಮೀನು ಹಿಡಿಯುವವರು, ಕಾಲೇಜಿನವರು, ಮನೆಯಲ್ಲಿ ಜಗಳ ಆಡಿ ಬಂದವರು, ಎಲ್ಲ ವರ್ಷಾನುಗಟ್ಟಲೆ ಮಲಗಿ ಎದ್ದು ಹೋಗಿದ್ದರು. ಆದರೆ ಭಾವ ಅಂದರು: “ಅಲ್ಲಿ ಮಲಗಬಹುದು ಅಂತ ಎಲ್ಲಿ ಬರೆದಿದೆ? ಮೊದಲು ಕೇಳಿಬಿಡೋಣ.”

ನೀರಾವರಿ ಕಚೇರಿಗೆ ಪತ್ರ ಹೋಯಿತು. ‘ಮಾನ್ಯರೇ, ಕೆರೆಯ ಪೂರ್ವದಂಡೆಯಲ್ಲಿ ಪತ್ನಿಸಮೇತನಾಗಿ ಒಂದು ರಾತ್ರಿ ಡೇರೆ ಹಾಕಿ ಮಲಗಬಹುದೇ?’

ಕಚೇರಿಯವರು ಬೆಚ್ಚಿಬಿದ್ದರು. ಆ ದಂಡೆಯ ಬಗ್ಗೆ ಅವರನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. ನಿಯಮ ಹುಡುಕಿದರು, ಸಿಗಲಿಲ್ಲ. ಸಭೆ ಸೇರಿದರು. ಚಹಾ ಬಂತು, ಬಿಸ್ಕತ್ತು ಬಂತು, ಆಮೇಲೆ ವಿವೇಕ ಬಂತು: ಒಬ್ಬ ಮನುಷ್ಯ ಕೆಲಸ ಬಿಟ್ಟು ಪತ್ರ ಬರೆದು ಕೇಳುತ್ತಿದ್ದಾನೆಂದರೆ ಇದರಲ್ಲಿ ಏನೋ ಇರಬೇಕು. ಮೂರು ವಾರಕ್ಕೆ ಉತ್ತರ ಬಂತು, ಮಲಗಬಾರದು ಅಂತ. ಅದರ ಬೆನ್ನಿಗೇ, ಹಾಗೆಂದು ಎರಡು ಬೋರ್ಡು ಬರೆದುಕೊಡಿ ಎಂಬ ಆರ್ಡರೂ ಬಂತು. ಅಂಗಡಿಯಲ್ಲಿ ‘ಬಾರದು’ ತಯಾರಿತ್ತು, ‘ಡೇರೆ ಹಾಕಿ ಮಲಗ’ ಸೇರಿಸಿದರು. ತಾವೇ ಹೋಗಿ ನೆಟ್ಟರು.

“ನೋಡಿದ್ಯಾ, ಕೇಳಿದ್ದು ಎಷ್ಟು ಒಳ್ಳೇದಾಯ್ತು. ಕೇಳದೆ ಮಲಗಿದ್ರೆ ತಪ್ಪಾಗ್ತಿತ್ತು,” ಅಂದರು ನನಗೆ.

“ನೀವು ಕೇಳದೇ ಇದ್ದಿದ್ರೆ ಅದು ತಪ್ಪೇ ಆಗ್ತಿರಲಿಲ್ಲ ಭಾವ.”

“ಅದು ಹೇಗೆ? ತಪ್ಪು ಇರ್ತಿತ್ತು. ನಮಗೆ ಗೊತ್ತಿರ್ತಿರಲಿಲ್ಲ, ಅಷ್ಟೇ.”

ಅಲ್ಲಿಂದ ಶುರುವಾಯಿತು. ಕಾಡಿನ ಅಂಚಿನ ಬಯಲಿಗೆ ಅರಣ್ಯ ಕಚೇರಿಯನ್ನು ಕೇಳಿದರು, ಬೋರ್ಡು. ಕೆಲಸ ನಿಂತು ಹೋದ ಕಲ್ಲುಕ್ವಾರಿಯ ಮೇಲಿನ ಹುಲ್ಲಿಗೆ ಗಣಿ ಕಚೇರಿಯನ್ನು ಕೇಳಿದರು. ಬೋರ್ಡು ಮತ್ತು ಮುಳ್ಳುತಂತಿ. ಪುರಸಭೆಯವರ ತೋಪಿಗೆ ಪುರಸಭೆಯನ್ನು ಕೇಳಿದರು. ಅವರು ಉದಾರಿಗಳು, ಮಲಗುವುದರ ಜೊತೆಗೆ ಕೂರುವುದನ್ನೂ ಸೇರಿಸಿ ಕೊಟ್ಟರು. ಭಾವ ಅಂಗಡಿಯ ಗೋಡೆಗೆ ಸುತ್ತಲಿನ ನಕ್ಷೆಯೊಂದನ್ನು ಅಂಟಿಸಿದ್ದರು. ಮಲಗಬಹುದಾದ ಕಡೆ ಹಸಿರು ಗುಂಡುಸೂಜಿ, ಮಲಗಬಾರದ ಕಡೆ ಕೆಂಪು. ಕೆಂಪು ಸೂಜಿಯ ಡಬ್ಬಿ ಎರಡು ಸಲ ತಂದರು. ಹಸಿರು ಡಬ್ಬಿಯ ಮುಚ್ಚಳಕ್ಕೆ ಅಂಗಡಿಯವನು ಅಂಟಿಸಿದ್ದ ಕಾಗದ ಕೂಡ ಹರಿದಿರಲಿಲ್ಲ.

ಸೂಪರಿಂಟೆಂಡೆಂಟರ ಕೋಣೆಗೆ ನಾವು ಹೋದದ್ದು ಈ ಹಂತದಲ್ಲಿ. ಬೇರೆ ಅಧಿಕಾರಿಗಳಿಗೆ ಡೇರೆ ಅಂದರೆ ಬರೀ ಶಬ್ದ, ಅವರೊಬ್ಬರಿಗೆ ಅನುಭವ. ಮರುವಾರವೇ ಸುತ್ತೋಲೆ ಹೊರಟಿತು. ಇಲಾಖೆಯ ಹೆಸರಿನಲ್ಲಿ ಯಾವ ಯಾವ ಬಯಲಿದೆಯೋ ಅಲ್ಲೆಲ್ಲ ಡೇರೆ ನಿಷಿದ್ಧ. ಮೂವತ್ತಾರು ಬೋರ್ಡಿಗೆ ಆರ್ಡರು. ಭಾವ ಹದಿನೈದು ದಿನ ಊಟಕ್ಕೂ ಮೇಲೆ ಬರಲಿಲ್ಲ.

ಮೂವತ್ತಾರನೆಯದು ಒಣಗುತ್ತಿದ್ದಾಗ ಅಂಗಡಿಗೆ ಸೀಟಿ ಮೇಷ್ಟ್ರು ಬಂದರು. ಇವರು ಶಾಲೆಯಲ್ಲಿ ಆಟ ಆಡಿಸುವ ಮೇಷ್ಟ್ರು. ಕೊರಳಲ್ಲಿ ಸೀಟಿ ಸದಾ ಇರುತ್ತದೆ, ಸ್ನಾನದಲ್ಲೂ ತೆಗೆಯುವುದಿಲ್ಲ ಎಂದು ವದಂತಿ. ಬೆಟ್ಟ ಗುಡ್ಡ ಹತ್ತುವವರ ಸಂಘಕ್ಕೆ ಅವರೇ ಅಧ್ಯಕ್ಷರು. ಆ ಸಂಘದವರು ತಿಂಗಳಿಗೊಮ್ಮೆ ಎಲ್ಲಾದರೂ ಬಯಲಲ್ಲಿ ಮಲಗಿ ಬರುತ್ತಿದ್ದರು. ಈಗ ಒಂದೂವರೆ ವರ್ಷದಿಂದ ಎಲ್ಲಿಗೆ ಹೋದರೂ ಇವರಿಗಿಂತ ಮೊದಲು ಹಳದಿ ತಗಡೊಂದು ಬಂದು ನಿಂತಿರುತ್ತಿತ್ತು.

“ನಿಮ್ಮ ಅಕ್ಷರ ಮುತ್ತಿನ ಹಾಗಿದೆ,” ಅಂತ ಶುರು ಮಾಡಿದರು ಮೇಷ್ಟ್ರು. “ನಮ್ಮ ಸಂಘದವರು ಇತ್ತೀಚೆಗೆ ಬೆಟ್ಟ ನೋಡೋದಕ್ಕಿಂತ ನಿಮ್ಮ ಅಕ್ಷರ ನೋಡೋದೇ ಜಾಸ್ತಿ.”

“ಸಂತೋಷ,” ಅಂದರು ಭಾವ, ನಿಜವಾಗಿ ಸಂತೋಷಪಟ್ಟು.

“ಕೇಳೋದೂ ನೀವೇ, ಬರೆಯೋದೂ ನೀವೇ, ನೆಡೋದೂ ನೀವೇ. ಚೆನ್ನಾಗಿದೆ ಬಿಡಿ ವ್ಯಾಪಾರ.”

ಭಾವನ ಕುಂಚ ಅಲ್ಲೇ ನಿಂತಿತು. ಅವರ ಮುಖದಲ್ಲಿ ನೋವು ನೋಡಿದ್ದು ನಾನು ಅದೇ ಮೊದಲು. “ಮೇಷ್ಟ್ರೇ, ನಾನು ಒಂದು ಕಡೇನೂ ‘ನಿಲ್ಲಿಸಿ’ ಅಂತ ಕೇಳಿಲ್ಲ. ‘ಹಾಕಬಹುದೇ’ ಅಂತಲೇ ಕೇಳಿದ್ದು. ನಕಲು ಇದೆ, ನೋಡ್ತೀರಾ?”

“ನಕಲು ಇಟ್ಕೊಂಡು ನಾನೇನು ಹೊದ್ಕೊಳ್ಳಲಾ? ಅಲ್ಲಾ ಸ್ವಾಮಿ, ಕೇಳಬೇಡಿ. ಅಷ್ಟೇ. ಸುಮ್ಮನೆ ಹೋಗಿ, ಮಲಗಿ, ಎದ್ದು, ಕಸ ಎತ್ಕೊಂಡು ಬನ್ನಿ. ನಾವು ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ. ಈಗ ನಮಗೆ ಉಳಿದಿರೋದು ಒಂದೇ ಒಂದು ಜಾಗ, ಆ ನದಿ ಲಾಳದ ಹಾಗೆ ತಿರುಗೋ ಕಡೆ ಇದೆಯಲ್ಲ, ಆ ಹುಲ್ಲು…”

ಅಷ್ಟಕ್ಕೇ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಭಾವ ಆಗಲೇ ನಕ್ಷೆಯ ಕಡೆ ತಿರುಗಿ ಕಿವಿಯ ಮೇಲಿನ ಪೆನ್ಸಿಲಿಗೆ ಕೈ ಹಾಕಿದ್ದರು. “ಅದು ಯಾವ ಇಲಾಖೆಗೆ ಬರತ್ತೆ?”

ಮೇಷ್ಟ್ರು ಹಾರಿ ಪೆನ್ಸಿಲು ಕಿತ್ತುಕೊಂಡರು. ಮೂವತ್ತು ವರ್ಷ ಮಕ್ಕಳಿಗೆ ಕಬಡ್ಡಿ ಹೇಳಿಕೊಟ್ಟದ್ದು ವ್ಯರ್ಥವಾಗಿರಲಿಲ್ಲ. ಆದರೆ ಪೆನ್ಸಿಲಿಲ್ಲದೆಯೂ ಭಾವನಿಗೆ ನೆನಪಿರುತ್ತದೆ ಎಂಬುದು ಗೊತ್ತಿದ್ದ ನಾನು, ಸೀದಾ ಮೇಲೆ ಹೋಗಿ ಅಕ್ಕನಿಗೆ ಹೇಳಿದೆ.

ಅಕ್ಕನ ಮಂಡಿಯ ವಿಷಯ ಇಲ್ಲಿ ಹೇಳಬೇಕು. ಇಪ್ಪತ್ತೈದು ವರ್ಷ ಒದ್ದೆ ಸಿಮೆಂಟಿನ ಮೇಲೆ ನಿಂತ ಮಂಡಿಗಳು ಸವೆದುಹೋಗಿದ್ದವು. ಮುಂದಿನ ತಿಂಗಳ ಮೊದಲ ತಾರೀಕಿಗೆ ಆಪರೇಷನ್. ಆಮೇಲೆ ಕುರ್ಚಿ, ಮಂಚ, ಎತ್ತರದ ಕಮೋಡು; ನೆಲದ ಮೇಲೆ ಕೂರುವುದು, ಮಲಗುವುದು ಈ ಜನ್ಮಕ್ಕೆ ಮುಗಿಯಿತು ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಮಧ್ಯದಲ್ಲಿ ಇದ್ದದ್ದು ಒಂದೇ ಶನಿವಾರ.

ಊಟಕ್ಕೆ ಕೂತಾಗ ಅಕ್ಕ ಬಡಿಸುವ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಮಾತು ತೆಗೆದಳು.

“ರೀ, ಆ ನದಿ ತಿರುವಿನಲ್ಲಿ ನಾನು ಈ ಶನಿವಾರ ಮಲಗ್ತೀನಿ. ನೀವು ಯಾವ ಕಚೇರಿಗೂ ಡೇರೆ ವಿಷಯ ಕೇಳಬಾರದು. ಮಾತು ಕೊಡಿ.”

“ಆದ್ರೆ ಅಲ್ಲಿ…”

“ಮಾತು ಕೊಡಿ. ಇಲ್ಲಾಂದ್ರೆ ಅನ್ನ ಇಲ್ಲ.”

ಭಾವ ತಟ್ಟೆ ನೋಡಿದರು, ಸೌಟು ನೋಡಿದರು. “ಡೇರೆ ವಿಷಯ ಯಾರನ್ನೂ ಕೇಳಲ್ಲ.”

“ಹಾಂ,” ಅಂತ ಅಕ್ಕ ಅನ್ನ ಬಡಿಸಿದಳು. “ಇಷ್ಟು ವರ್ಷದಲ್ಲಿ ಜನ ಏನಾದ್ರೂ ಮಾಡಬಹುದು ಅಂತ ಒಂದೇ ಒಂದು ಬೋರ್ಡ್ ಬರೆದಿದ್ದೀರೇನ್ರೀ ನೀವು?”

ಭಾವ ನಿಜವಾಗಿಯೂ ಯೋಚನೆ ಮಾಡಿದರು. ತುತ್ತು ಕೈಯಲ್ಲೇ ಉಳಿಯಿತು. ಅಕ್ಕನ ಕೋಪ ಅವರಿಗೆ ತಟ್ಟಲಿಲ್ಲ, ಪ್ರಶ್ನೆ ತಟ್ಟಿತು ಅಂತ ಕಾಣುತ್ತದೆ. ಕೊನೆಗೆ ಅಂದರು: “ಯಾರೂ ಆರ್ಡರ್ ಕೊಟ್ಟಿಲ್ಲ ಕಣೇ.”

ಇದು ಸೋಮವಾರದ ಮಾತು. ಬುಧವಾರ ಅಕ್ಕನ ಜೊತೆ ಕೆಲಸ ಮಾಡುವ ಇಸ್ತ್ರಿ ಎಂಬಾಕೆ ಓಡೋಡಿ ಬಂದಳು. ಇಸ್ತ್ರಿ ಅವಳ ಕೆಲಸವೂ ಹೌದು, ಅಡ್ಡಹೆಸರೂ ಹೌದು; ಮೈ ಮುಟ್ಟಿದರೆ ಚುರುಕು, ಮಾತು ಇನ್ನೂ ಚುರುಕು. ಸರ್ಟಿಫಿಕೇಟಿಗೆಂದು ಭೂಮಿ ಇಲಾಖೆಗೆ ಹೋಗಿದ್ದಳಂತೆ.

“ನಿಮ್ಮೆಜಮಾನ್ರು ಅಲ್ಲಿ ಕೌಂಟರ್ ಮುಂದೆ ಸಾಲಲ್ಲಿ ನಿಂತಿದ್ರು ಅಕ್ಕಾ. ಕೈಯಲ್ಲಿ ಕಾಗದ. ಸೂಪರಿಂಟೆಂಡೆಂಟ್ ಅವರೇ ಹೊರಗೆ ಬಂದು ಕಾಗದ ನೋಡಿ, ‘ಓ, ಲಾಳದ ತಿರುವಿಗಾ, ಬಹಳ ಒಳ್ಳೇದು, ಬೇಗ ನೆಡಿ’ ಅಂತ ಬೆನ್ನು ತಟ್ಟಿದ್ರು. ನನ್ನ ಕಿವಿಯಾರೆ ಕೇಳಿದೆ.”

ಅಕ್ಕ ತೊಳೆದಿಟ್ಟಿದ್ದ ಪಾತ್ರೆಯನ್ನು ತೆಗೆದು ಮತ್ತೆ ತೊಳೆದಳು. ಒರೆಸಿದಳು. ಮತ್ತೆ ತೊಳೆದಳು. ಗುರುವಾರ ಅಂಗಡಿಯಲ್ಲಿ ಭಾವ ಬಾಗಿಲು ಅರ್ಧ ಎಳೆದುಕೊಂಡು ಕೆಲಸ ಮಾಡಿದರು. ಶುಕ್ರವಾರ ಬೆಳಿಗ್ಗೆ ಸಾಮಾನಿನ ಗಾಡಿಯೊಂದಕ್ಕೆ ಎರಡು ಕಂಬ, ಅರ್ಧ ಚೀಲ ಸಿಮೆಂಟು, ಹಳೆ ಚಾದರ ಸುತ್ತಿದ ನಾಲ್ಕಡಿ ತಗಡು ಹೇರಿ, ತಾವೂ ಹತ್ತಿ, ನದಿಯ ಕಡೆ ಹೋದರು. ಅಕ್ಕ ಮೇಲಿನ ಕಿಟಕಿಯಿಂದ ನೋಡಿದಳು.

“ಮಾತು ಕೊಟ್ಟೂ ಹೋಗಿಬಿಟ್ರಲ್ಲೋ,” ಅಂದಳು ನನಗೆ. “ನನ್ನ ಚಾದರಾನೇ ಸುತ್ಕೊಂಡು ಹೋದ್ರು.”

“ಬೇರೆ ಎಲ್ಲಾದ್ರೂ ನೋಡೋಣ ಅಕ್ಕ.”

“ಬೇರೆ ಎಲ್ಲಿದೆ? ಸುತ್ತಲೂ ಬೇಲಿ ಹಾಕಿಬಿಟ್ಟಿದ್ದಾರಲ್ಲ ಮಹಾನುಭಾವರು. ನಾಳೆ ಅಲ್ಲಿಗೇ ಹೋಗೋದು. ಬೋರ್ಡ್ ಏನಾದ್ರೂ ಬೊಗಳಲಿ, ನಾನು ಅದರ ಕೆಳಗೇ ಮಲಗ್ತೀನಿ. ಜೈಲಿಗೆ ಹಾಕಿದ್ರೂ ಅಲ್ಲೂ ನೆಲವೇ ತಾನೇ?”

ಶನಿವಾರ ಮಧ್ಯಾಹ್ನ ನನ್ನ ಹಳೆ ಕಾರಿನಲ್ಲಿ ಹೊರಟೆವು. ಹಿಂದೆ ಇಸ್ತ್ರಿ ಮತ್ತು ಬಾಯ್ಲರ್. ಈ ಬಾಯ್ಲರ್, ಅಕ್ಕನ ವಿಭಾಗದಲ್ಲಿ ಬಟ್ಟೆ ಕುದಿಸುವ ತೊಟ್ಟಿಗಳನ್ನು ನೋಡಿಕೊಳ್ಳುವ ಹೆಂಗಸು. ಆಕೆ ಹತ್ತಿದಾಗ ಕಾರು ಒಂದು ಕಡೆ ವಾಲಿ ನಮಸ್ಕಾರ ಮಾಡಿತು. ನಾಲ್ಕು ಗಂಡಸರಿಂದ ಆಗದ ಡೇರೆಯನ್ನು ಆಕೆ ಒಂದೇ ತಿರುವಿಗೆ ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಚಾದರ ಮಡಚುವ ಹಾಗೇ, ಅದರಲ್ಲೇನಿದೆ ಅಂದಳು. ದಾರಿಯುದ್ದಕ್ಕೂ ಹಳದಿ ಬೋರ್ಡುಗಳು ಸಿಕ್ಕವು. ಒಂದೊಂದು ಬಂದಾಗಲೂ ಅಕ್ಕ ಕಿಟಕಿಯ ಗಾಜು ಏರಿಸಿ, ದಾಟಿದ ಮೇಲೆ ಇಳಿಸಿದಳು.

ನದಿಯ ತಿರುವು ಬಂತು. ಮೂರು ಕಡೆ ನೀರು, ನಡುವೆ ಒತ್ತಾದ ಹುಲ್ಲು, ಅಂಚಿಗೆ ನಾಲ್ಕಾರು ಮರ. ನಾವು ಬಂದ ಕಡೆಯಿಂದ ಬೋರ್ಡಿನ ಬೆನ್ನು ಮಾತ್ರ ಕಾಣುತ್ತಿತ್ತು. ಅದರ ಕೆಳಗೆ, ಅಕ್ಷರಕ್ಕೆ ಇನ್ನೊಂದು ಕೈ ಬಳಿಯಲು ಬೆಳಿಗ್ಗೆಯೇ ಮತ್ತೆ ಬಂದಿದ್ದ ಭಾವ ಬಣ್ಣದ ಡಬ್ಬದ ಮೇಲೆ ಕೂತು ಬೆರಳು ಒರೆಸಿಕೊಳ್ಳುತ್ತಿದ್ದರು. ಸೀಟಿ ಮೇಷ್ಟ್ರು ಮತ್ತವರ ಸಂಘದ ಮೂರ್ನಾಲ್ಕು ಜನ ನಮಗಿಂತ ಮೊದಲೇ ಬಂದು ಬೋರ್ಡಿನ ಎದುರು ಸಾಲಾಗಿ ನಿಂತಿದ್ದರು. ಮುಗಿಯಿತು ಅಂದುಕೊಂಡೆ. ಅಕ್ಕ ಮಂಡಿ ಹಿಡಿದುಕೊಂಡು ಕಾರಿಂದ ಇಳಿದು, ಜಗಳಕ್ಕೆ ಬೇಕಾದ ಮುಖ ಮಾಡಿಕೊಂಡು, ಬೋರ್ಡಿನ ಮುಂಭಾಗಕ್ಕೆ ಸುತ್ತಿ ಬಂದಳು.

ಹಳದಿ ಹಿನ್ನೆಲೆ. ಕಪ್ಪು ಅಕ್ಷರ. ‘ಇಲ್ಲಿ ಡೇರೆ ಹಾಕಿ ಮಲಗಬಹುದು’. ಕೊನೆಯ ಮೂರಕ್ಷರ ಹಸಿರು. ಕೆಳಗೆ ಸಣ್ಣದಾಗಿ: ‘ಬೆಂಕಿ ಆರಿಸಿ, ಕಸ ಎತ್ತಿಕೊಂಡು ಹೋಗುವುದು’. ಭಾವನ ಬೇರೆ ಯಾವ ಬೋರ್ಡಿನಲ್ಲೂ ಕಾಣದ ಒಂದು ದೋಷ ಅದರಲ್ಲಿತ್ತು. ಆ ಹಸಿರು ಅಕ್ಷರಗಳು ಗೆರೆ ಬಿಟ್ಟು ಕೊಂಚ ಮೇಲೆ ಹೋಗಿದ್ದವು. ರೂಢಿಯಿಲ್ಲದ ಕೈ.

ಅಕ್ಕ ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡು ಇನ್ನೊಮ್ಮೆ ಓದಿದಳು. “ಇದೇನ್ರೀ ಇದು?”

“ಒಣಗಿಲ್ಲ, ಮುಟ್ಟಬೇಡ,” ಅಂದರು ಭಾವ.

ಮೇಷ್ಟ್ರು ಬಂದು ಭಾವನ ಬಣ್ಣದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಆ ಹಸಿರು ಮೇಷ್ಟ್ರ ಅಂಗೈಯಲ್ಲಿ ಒಂದು ವಾರ ಇತ್ತಂತೆ.

ಡೇರೆಗಳು ಎದ್ದವು. ಬಿಸಿಲು ಇಳಿಯುವ ಹೊತ್ತಿಗೆ ಮೊಪೆಡ್ಡಿನ ಸದ್ದು ಕೇಳಿತು. ನದಿ ದಂಡೆಯ ಕಾವಲುಗಾರ. ಖಾಕಿ ಅಂಗಿ, ಕೈಯಲ್ಲಿ ಕೋಲು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಕಳ್ಳ ಬೋರ್ಡು ನೆಟ್ಟವರಿಗೆ ಏನು ಶಿಕ್ಷೆ ಎಂದು ಸಂಘದವರಲ್ಲಿ ಪಿಸುಮಾತು ಎದ್ದಿತು. ಅಕ್ಕ ಎದ್ದು ಹೋಗಿ ಭಾವನ ಪಕ್ಕ ನಿಂತಳು. ಕಾವಲುಗಾರ ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದ. ಆಮೇಲೆ ಕೆಳಗಿನಿಂದ ಮೇಲೆ ಓದಿದ.

“ಇದನ್ನ ಯಾರು ನೆಟ್ಟಿದ್ದು?”

“ನಾನೇ,” ಅಂದರು ಭಾವ.

ಕಾವಲುಗಾರ ಅವರ ಮುಖ ನೋಡಿದ. ನೋಡಿ, ಸಡಿಲಾದ. ಅವನು ಕಾಯುವ ಎಲ್ಲ ಬೋರ್ಡುಗಳನ್ನೂ ನೆಟ್ಟ ಮುಖ ಅದು. “ಓ, ನೀವಾ. ಹಾಗಾದ್ರೆ ಸರಿ ಬಿಡಿ. ಮೇಲಿನವರು ಹೇಳಿರ್ತಾರೆ.” ಅಷ್ಟು ಹೇಳಿ ಮೇಷ್ಟ್ರ ಕಡೆ ತಿರುಗಿ ಗದರಿದ: “ಏನ್ರೀ, ಬೋರ್ಡ್ ಇರೋದು ಇಲ್ಲಿ, ನೀವು ಅಷ್ಟು ದೂರ ನೀರಿನ ಹತ್ರ ಯಾಕೆ ಹಾಕಿದ್ದೀರಿ? ಓದೋಕೆ ಬರಲ್ವಾ? ಎತ್ತಿ, ಇಲ್ಲಿ ತನ್ನಿ.”

ಇಪ್ಪತ್ತು ವರ್ಷ ಅದೇ ನೀರಿನ ಪಕ್ಕ ಯಾರ ಅಪ್ಪಣೆಯೂ ಇಲ್ಲದೆ ಮಲಗಿದ್ದ ಮೇಷ್ಟ್ರು, ಅನುಮತಿ ಸಿಕ್ಕಿದ ಮೊದಲ ದಿನ ತಮ್ಮ ಡೇರೆಯ ಗೂಟ ಕಿತ್ತು ರಸ್ತೆಯ ಬದಿಗೆ ತಂದು ಹೊಡೆದರು. ರಾತ್ರಿ ನಾವೆಲ್ಲ ಬೋರ್ಡಿನ ಸುತ್ತ ಒತ್ತೊತ್ತಾಗಿ ಮಲಗಿದೆವು. ಅಷ್ಟು ದೊಡ್ಡ ಬಯಲಿನಲ್ಲಿ ಒಬ್ಬರ ಗೊರಕೆ ಇನ್ನೊಬ್ಬರ ಕಿವಿಯಲ್ಲಿ.

ಬೆಳಿಗ್ಗೆ ಎದ್ದಾಗ ಅಕ್ಕ ಡೇರೆಯ ಹೊರಗೆ, ಬರೀ ಹುಲ್ಲಿನ ಮೇಲೆ, ಕಾಲು ನೀಡಿ ಕೂತಿದ್ದಳು. ಮೈಯೆಲ್ಲ ಇಬ್ಬನಿ, ಬೆನ್ನಿಗೆ ಹುಲ್ಲಿನ ಅಚ್ಚು. ಹಾಗೆ ನಿದ್ದೆ ಮಾಡಿ ಎಷ್ಟು ವರ್ಷವಾಯಿತೋ ಅಂದಳು. ಬಾಯ್ಲರ್ ಚಹಾ ಕುದಿಸುತ್ತಿದ್ದಳು. ಇಸ್ತ್ರಿ, ಬುಧವಾರ ತಾನು ಹೇಳಿದ ಚಾಡಿಯನ್ನು ಮರೆಸುವುದಕ್ಕೋ ಏನೋ, ಭಾವನಿಗೆ ಮೊದಲ ಲೋಟ ಕೊಟ್ಟಳು. ಮೇಷ್ಟ್ರು ಸಂಘದವರಿಗೆ ಸಣ್ಣದೊಂದು ಭಾಷಣ ಮಾಡಿದರು. ಜೀವಮಾನವಿಡೀ ನಿಯಮಕ್ಕೆ ತಲೆಬಾಗಿದ ಮನುಷ್ಯ, ಹೆಂಡತಿಯ ಒಂದು ರಾತ್ರಿಯ ಆಸೆಗಾಗಿ ಇಡೀ ಸರ್ಕಾರವನ್ನೇ ಎದುರು ಹಾಕಿಕೊಂಡರು, ಪ್ರೀತಿ ಅಂದರೆ ಇದು, ನೀವೆಲ್ಲ ಕಲಿಯಬೇಕು. ಕಲಿಯಬೇಕಾದ ಗಂಡಸರು ಚಹಾದ ಲೋಟದೊಳಗೆ ನೋಡಿದರು. ನಾನೂ ಲೋಟದೊಳಗೇ ನೋಡಿದೆ, ಸುಳ್ಳೇಕೆ ಹೇಳಲಿ.

ಅಕ್ಕ ಲೋಟ ಕೆಳಗಿಟ್ಟಳು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಮತ್ತೆ ನಾನು ಕೇಳದಿದ್ದ ಒಂದು ದನಿ ಅವಳಿಂದ ಹೊರಟಿತು.

“ರೀ, ನಿಜ ಹೇಳಿ. ಇಷ್ಟು ವರ್ಷ ಒಂದು ಗೆರೆ ದಾಟಿದವರಲ್ಲ ನೀವು. ನನಗೋಸ್ಕರ ಕಾನೂನು ಮುರಿಯುವಾಗ ನಿಮಗೆ ಏನನ್ನಿಸ್ತು?”

ಭಾವ ಚಹಾ ಊದಿ ಒಂದು ಗುಟುಕು ಕುಡಿದರು.

“ನಾನ್ಯಾಕೆ ಮುರೀಲಿ? ಬೋರ್ಡ್ ನೆಡೋಕೆ ಅರ್ಜಿ ಕೊಟ್ಟು, ಸೀಲ್ ಹಾಕಿಸ್ಕೊಂಡೇ ನೆಟ್ಟಿದ್ದು. ಬೋರ್ಡ್ ಎಷ್ಟು ಉದ್ದ, ಎಷ್ಟು ಅಗಲ, ಕಂಬ ಮರದ್ದೋ ಕಬ್ಬಿಣದ್ದೋ, ಗುಂಡಿ ಎಷ್ಟು ಆಳ, ಎಲ್ಲಾ ಕೇಳಿದ್ರು. ಏನು ಬರೀತೀರಿ ಅನ್ನೋದಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ.”